ಸುಂಕದವನ ಮುಂದೆ

ಅಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ ಎಂದು ಗೊತ್ತಿದ್ದರೂ ರಜನಿಮಿಲಾ ಮತ್ತೊಮ್ಮೆ ಫೋನು ತೆಗೆದು ನೋಡಿದಳು. ಫಿನ್ಲೆಂಡಿನಲ್ಲಿ ಈಗ ಎಲ್ಲರೂ ಮಲಗಿರುತ್ತಾರೆ, ಹಿಲ್ಕಾ ಎಂಬ ಆ ಹೆಂಗಸೂ ಮಲಗಿರುತ್ತಾಳೆ, ಪೆಟ್ಟಿಗೆಯೊಂದೇ ಎಚ್ಚರವಾಗಿ ವಿಮಾನ ನಿಲ್ದಾಣದ ಯಾವುದೋ ಕಟ್ಟೆಯ ಮೇಲೆ ಕೂತಿರುತ್ತದೆ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತಿತ್ತು. ಒಲೆಯ ಮೇಲಿನ ಚಹಾ ಉಕ್ಕಿ ಚೆಲ್ಲಿತು. ಒರೆಸಲು ಬಟ್ಟೆ ಹುಡುಕುತ್ತ ಅವಳು ನಗುತ್ತಿದ್ದಳು, ಯಾಕೆಂದು ಕೇಳಲು ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ಬಾರಿಸಿದರೆ ನಾದ ಹೊಮ್ಮುವ ಕಂಚಿನ ಬಟ್ಟಲುಗಳ ಆ ಪೆಟ್ಟಿಗೆ ಇವತ್ತು ಹಿಲ್ಕಾಳ ಮನೆಬಾಗಿಲು ಮುಟ್ಟುತ್ತದೆ. ಮುಟ್ಟುವುದು ದೊಡ್ಡದಲ್ಲ, ಹಿಮಾಲಯದ ತಪ್ಪಲಿನ ಪಾಟನ್ನಿನ ಈ ಗಲ್ಲಿಯಿಂದ ಎಷ್ಟೋ ಪೆಟ್ಟಿಗೆಗಳು ಎಷ್ಟೋ ದೇಶ ಕಂಡಿವೆ. ಆದರೆ ಪೆಟ್ಟಿಗೆ ತಂದು ಬಾಗಿಲಲ್ಲಿ ನಿಂತವನು ಹಿಲ್ಕಾಳನ್ನು ಏನೂ ಕೇಳುವುದಿಲ್ಲ. ಆ ದೇಶದ ಸುಂಕವನ್ನು ರಜನಿಮಿಲಾ ಇಲ್ಲಿಂದಲೇ, ಮುಂಚೆಯೇ ಕಟ್ಟಿಬಿಟ್ಟಿದ್ದಾಳೆ. ಗಲ್ಲಿಯಲ್ಲಿ ಹಾಗೆ ಮಾಡಿದವರು ಬೇರೆ ಯಾರೂ ಇಲ್ಲ. ಕೆಳಗಿನ ಅಂಗಡಿಯಲ್ಲಿ ಅಣ್ಣ ಪುಷ್ಪರತ್ನ ಆಗಲೇ ಕಂಚು ಬಡಿಯಲು ಶುರುಮಾಡಿದ್ದ. ಆ ಏಟು ಮೆಟ್ಟಿಲು ಹತ್ತಿ ಬಂದು ಅವಳ ಅಂಗಾಲಿಗೆ ತಾಗುತ್ತಿತ್ತು, ಅವಳ ಕಾಲಂತೂ ಇವತ್ತು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ಗಲ್ಲಿಯ ಶಾಸ್ತ್ರವೇ ಬೇರೆ. ಮಾಲು ಕಳಿಸುವುದು ನಮ್ಮ ಕೆಲಸ, ಅವರ ಊರಿನ ಬಾಗಿಲು ಅವರ ತಲೆನೋವು. ಕೆಲವರು ಪೆಟ್ಟಿಗೆಯ ಮೇಲೆ ಉಡುಗೊರೆ ಎಂದು ಬರೆದು, ಬೆಲೆಯನ್ನು ಕಾಲುಭಾಗಕ್ಕಿಳಿಸಿ, ಉಳಿದದ್ದನ್ನು ದೇವರ ಮೇಲೆ ಹಾಕುತ್ತಾರೆ. ರಜನಿಮಿಲಾ ಸುಳ್ಳು ಬೆಲೆ ಬರೆಯುತ್ತಿರಲಿಲ್ಲ, ಆದರೆ ಆಚೆಯ ಬಾಗಿಲಲ್ಲಿ ಏನಾಗುತ್ತದೆ ಎಂದು ತಲೆಕೆಡಿಸಿಕೊಂಡೂ ಇರಲಿಲ್ಲ. ಹೋದ ಚಳಿಗಾಲದಲ್ಲಿ ಫ್ರಾನ್ಸಿನ ಒಬ್ಬ ಗಿರಾಕಿ, ಅಂಚೆಯವನು ಸುಂಕ ಕೇಳಿದನೆಂದು ಪೆಟ್ಟಿಗೆಯನ್ನು ಮುಟ್ಟದೆ ತಿರುಗಿಸಿಬಿಟ್ಟ. ಒಂದು ಬೆಲೆ ನೀವು ಹೇಳಿದಿರಿ, ಇನ್ನೊಂದು ಬೆಲೆ ಕೇಳುವುದಕ್ಕೆ ಬೇರೆಯವನನ್ನು ನನ್ನ ಬಾಗಿಲಿಗೆ ಕಳಿಸಿದಿರಿ ಎಂದು ಬರೆದಿದ್ದ. ಅಣ್ಣ ಅದನ್ನು ಕೇಳಿ ನಕ್ಕು, ಜಿಪುಣ, ಸುಂಕಕ್ಕೆ ಹೆದರುವವನಿಗೆ ಸಂಗೀತ ಯಾಕೆ ಬೇಕು ಅಂದಿದ್ದ. ಅವಳಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಬಾಗಿಲಲ್ಲಿ ನಿಲ್ಲಿಸಿ ಕೇಳುವುದು. ಸುಂಕವೋ ತೆರಿಗೆಯೋ, ಬಾಗಿಲಲ್ಲಿ ಕೇಳುವಾಗ ಎಲ್ಲಕ್ಕೂ ಒಂದೇ ಮುಖ.

ಅದಕ್ಕೇ ಹಿಲ್ಕಾಳ ಮೊದಲ ಸಂದೇಶ ಬಂದಾಗ ಅವಳು ಎದ್ದು ನಿಂತುಬಿಟ್ಟಿದ್ದಳು. ನಾನು ಆಯುಷ್ಯವಿಡೀ ಬಸ್ಸು ಓಡಿಸಿದವಳು, ಸದ್ದು ಸಾಕಾಗಿದೆ, ಈಗ ನಾದ ಬೇಕು, ದಣಿದವರು ಬಂದು ಮಲಗುವ ಒಂದು ಕೋಣೆ ಮಾಡುತ್ತಿದ್ದೇನೆ, ನಿಮ್ಮ ಬಟ್ಟಲುಗಳು ಬೇಕು. ಆದರೆ ಎಲ್ಲ ಸೇರಿ ಎಷ್ಟು ಎಂದು ಒಂದೇ ಸಲ ಹೇಳಿ, ಬಾಗಿಲಲ್ಲಿ ಇನ್ನೊಬ್ಬರು ಬಂದು ಕೇಳಬಾರದು. ಎಲ್ಲ ಸೇರಿ ಎಂಬ ಮಾತು ರಜನಿಮಿಲಾಳನ್ನು ಹಿಡಿದು ಅಲುಗಾಡಿಸಿತು. ಕುಪಂಡೋಲಿನಲ್ಲಿ ವಿದೇಶಕ್ಕೆ ಮಾಲು ಸಾಗಿಸುವ ಟೀಕಾರಾಮ್ ಢಕಾಲನ ಕಚೇರಿಗೆ ಅವಳು ಎಷ್ಟು ಸಲ ಹೋದಳೆಂದರೆ, ಕೊನೆಕೊನೆಗೆ ಅವನು ಅವಳನ್ನು ಕಂಡ ಕೂಡಲೇ ಚಹಾಕ್ಕೆ ಹೇಳಿ ಹಣೆ ಒತ್ತಿಕೊಳ್ಳುತ್ತಿದ್ದ. ಅವಳಿಗೆ ಅಲ್ಲಿ ತಿಳಿದದ್ದೆಲ್ಲ ಹೊಸ ಲೋಕ. ಒಂದೇ ಬಟ್ಟಲು, ಬಾರಿಸುವ ವಾದ್ಯವೆಂದರೆ ಒಂದು ಸುಂಕ, ಊಟದ ಪಾತ್ರೆಯೆಂದರೆ ಇನ್ನೊಂದು. ಊಟದ ಪಾತ್ರೆಯಾದರೆ ಅದರ ಲೋಹ ಅನ್ನಕ್ಕೆ ಇಳಿಯುತ್ತದೋ ಇಲ್ಲವೋ ಎಂಬ ಪರೀಕ್ಷೆ ಬೇರೆ. ಮನೆಗೆ ಬಂದು ಹೇಳಿದಾಗ ಪುಷ್ಪರತ್ನನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಸಾಯುವ ತನಕ ಇದರಲ್ಲೇ ಉಂಡಳು, ಅವಳಿಗೆ ಗೊತ್ತಾಗಿದ್ದರೆ ಉಣ್ಣುವುದಕ್ಕೆ ಮುಂಚೆ ಒಂದು ಸಲ ಬಾರಿಸಿ ಸುಂಕ ಉಳಿಸುತ್ತಿದ್ದಳು ಅಂದ. ಅಜ್ಜಿಯ ಊಟದ ಬಟ್ಟಲನ್ನು ಬೆಳ್ಳಗಿನ ಜನ ಮಲಗಿಕೊಂಡು ಕೇಳುತ್ತಾರೆ ಎಂಬುದೇ ಅವನಿಗೆ ಇನ್ನೂ ಮುಗಿಯದ ತಮಾಷೆ. ರಜನಿಮಿಲಾ ವಾದ್ಯ ಎಂದು ಬರೆಸಿದಳು, ಸುಂಕ ಕಟ್ಟಿದಳು, ಹಿಲ್ಕಾಳಿಗೆ ಎಲ್ಲ ಸೇರಿದ ಬೆಲೆ ಕಳಿಸಿದಳು.

ಅಣ್ಣನದು ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವನು ನೇರವಾಗಿ ಹೇಳಿದ್ದ. ಠಮೇಲಿನ ಪ್ರವಾಸಿಪೇಟೆಯ ವ್ಯಾಪಾರಿ ಸಾಹು, ನಮ್ಮ ಮನೆಯ ಬಟ್ಟಲೆಲ್ಲ ತಾನೇ ಕೊಳ್ಳುತ್ತೇನೆ ಎಂದಿದ್ದಾನೆ, ಅವನ ಆಳು ನಾಳೆ ಸಂಜೆ ಬರುತ್ತಾನೆ. ನಿನ್ನ ಪೆಟ್ಟಿಗೆ ಏನೂ ತಕರಾರಿಲ್ಲದೆ ಮುಟ್ಟಿದರೆ ಸರಿ, ಇಲ್ಲದಿದ್ದರೆ ನಾಳೆಯಿಂದ ಎಲ್ಲ ಸಾಹುವಿಗೆ, ನಿನಗೂ ಈ ಓಡಾಟ ತಪ್ಪುತ್ತದೆ. ಅವನು ಅದನ್ನು ಪ್ರೀತಿಯಿಂದಲೇ ಹೇಳಿದ, ಅದೇ ಹೆಚ್ಚು ಚುಚ್ಚಿತು. ಸಾಹು ಕೊಂಡರೆ ಬಟ್ಟಲಿನ ಅಡಿಯಲ್ಲಿ ಅವನ ಅಂಗಡಿಯ ಚೀಟಿ ಅಂಟುತ್ತದೆ, ಹಿಮಾಲಯದ ಗುಹೆಯಲ್ಲಿ ಸನ್ಯಾಸಿಗಳು ಬಡಿದದ್ದು ಎಂದು. ತಂದೆಯ ಹೆಸರಿರುವುದಿಲ್ಲ, ಅಣ್ಣನದಿರುವುದಿಲ್ಲ, ಬೆಲೆ ಹೇಳಿದವಳು ತಾನೆಂಬುದಂತೂ ಯಾರಿಗೂ ಗೊತ್ತಾಗುವುದಿಲ್ಲ. ಗಂಡನ ಮನೆಯಿಂದ ತಿರುಗಿ ಬಂದವಳು ಮತ್ತೆ ಅಡಿಗೆಮನೆಗೆ ಹೋಗುತ್ತಾಳೆ. ಇವತ್ತು ಹಾಗಾಗುವುದಿಲ್ಲ ಎಂದು ಅವಳ ಎದೆ ಹೇಳುತ್ತಿತ್ತು. ಚಹಾ ಹಿಡಿದು ಕೆಳಗಿಳಿದು, ಹೊಸ್ತಿಲ ಬಿಸಿಲಲ್ಲಿ ಕೂತು ಬೂದಿಯಿಂದ ಬಟ್ಟಲು ಬೆಳಗುತ್ತಿದ್ದ ತಂದೆಗೆ ಒಂದು ಲೋಟ ಕೊಟ್ಟಳು. ಮನೆಯಲ್ಲಿ ಎಲ್ಲರೂ ಅವನನ್ನು ಬಾ ಎನ್ನುತ್ತಾರೆ, ಕರೆದರೆ ಕೇಳಿಸುವುದಿಲ್ಲ. ಆಯುಷ್ಯವೆಲ್ಲ ಕಂಚು ಬಡಿದು ಅವನ ಕಿವಿ ಬಹುಪಾಲು ಮುಚ್ಚಿದೆ. ಅವನು ಅವಳ ಮುಖ ನೋಡಿ, ಇವತ್ತು ಹಬ್ಬವೇನು ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

ಬಿಸಿಲು ಎದುರು ಮನೆಯ ಕಿಟಕಿಯನ್ನು ದಾಟಿದಾಗ ಟೀಕಾರಾಮನ ಕರೆ ಬಂತು. ಇಷ್ಟು ಬೇಗ ಮುಟ್ಟಿತೇ ಎಂದು ಅವಳು ಉಸಿರು ಹಿಡಿದು ಫೋನೆತ್ತಿದಳು. ಅವನು ಸುತ್ತುಬಳಸಿ ಹವೆಯ ವಿಚಾರ ಕೇಳಿದಾಗಲೇ ಅವಳಿಗೆ ಎಲ್ಲೋ ತಪ್ಪಿದೆ ಎಂದು ಹೊಳೆಯಿತು.

"ದೀದಿ, ಪೆಟ್ಟಿಗೆ ಬಿಚ್ಚಿ ನೋಡಿದಾರಂತೆ. ದೊಡ್ಡ ಬಟ್ಟಲೊಳಗೆ ಅಕ್ಕಿ ಇದೆಯಂತಲ್ಲ. ಅಕ್ಕಿ, ಒಂದು ಅಡಿಕೆ. ಅನ್ನ ಹಾಕೋ ಪಾತ್ರೆ ಇದು, ವಾದ್ಯ ಅಂತ ಯಾಕೆ ಬರೆದಿದೀರ ಅಂತ ಕೇಳ್ತಿದಾರೆ."

ಊಟದ ಪಾತ್ರೆ ಎಂದು ಅವರು ತೀರ್ಮಾನಿಸಿದರೆ ಕಾಗದವೆಲ್ಲ ಬದಲಾಗುತ್ತದೆ, ಅವಳು ಕಟ್ಟಿದ್ದು ಲೆಕ್ಕಕ್ಕಿಲ್ಲ, ಹೊಸ ಸುಂಕ ಹಿಲ್ಕಾಳ ಹೆಸರಿಗೇ ಬೀಳುತ್ತದೆ, ಅವಳ ಬಾಗಿಲಲ್ಲೇ ಕೇಳುತ್ತಾರೆ ಎಂದೆಲ್ಲ ಟೀಕಾರಾಮ್ ಬಿಡಿಸಿ ಹೇಳುತ್ತಿದ್ದ. ರಜನಿಮಿಲಾಳಿಗೆ ತನ್ನ ಕೈ ಕಾಣುತ್ತಿತ್ತು. ಪೆಟ್ಟಿಗೆ ಕಟ್ಟುವ ದಿನ ಹಿಗ್ಗಿನಲ್ಲಿ ಓಡಿಹೋಗಿ ಅಕ್ಕಿಯ ಡಬ್ಬಕ್ಕೆ ಹೋದ ಕೈ, ತುಂಬ ಸಹಜವಾಗಿ ಹೋದ ಕೈ, ಒಂದು ಹಿಡಿ ಎತ್ತಿ ಬಟ್ಟಲಿಗೆ ಹಾಕಿ, ಮೇಲೆ ಕಾಗದ ಮುಚ್ಚಿದ ಕೈ. ಪಾತ್ರೆಯನ್ನು ಬರಿದಾಗಿ ಮನೆಯಿಂದಾಚೆ ಕಳಿಸುವುದುಂಟೇ? ಅದು ಯೋಚಿಸಿ ಮಾಡುವ ಕೆಲಸವಲ್ಲ, ಹೊಸ್ತಿಲು ದಾಟುವಾಗ ಕಾಲೆತ್ತುವ ಹಾಗೆ. ಅಷ್ಟೆಲ್ಲ ಕಲಿತಳು, ಸುಂಕದ ಒಂದೊಂದು ಎಳೆಯನ್ನೂ ಬಿಡಿಸಿದಳು, ಕೊನೆಗೆ ಒಂದು ಹಿಡಿ ಅಕ್ಕಿಯಿಂದ ಅಜ್ಜಿಯ ಊಟದ ಬಟ್ಟಲನ್ನು ಮತ್ತೆ ಊಟದ ಬಟ್ಟಲೇ ಮಾಡಿಟ್ಟಳು. ಯಾರು ಹಾಕಿದ್ದು ದೀದಿ ಎಂದು ಟೀಕಾರಾಮ್ ಕೇಳುತ್ತಿದ್ದ. ಅವಳ ಬಾಯಿ, ಅವಳನ್ನು ಕೇಳದೆ, ಬಾ ಹಾಕಿರಬೇಕು ಎಂದಿತು. ಅಂಗೈಯಗಲ ದೂರದಲ್ಲಿ ಕೂತಿದ್ದ ಬಾ ಏನೂ ಕೇಳಿಸದೆ, ಮಗಳು ತನ್ನನ್ನು ನೋಡಿದಳೆಂದು ಬೂದಿ ಮೆತ್ತಿದ ಮುಖದಲ್ಲಿ ನಕ್ಕ. ಅವಳು ಮುಖ ತಿರುಗಿಸಿಕೊಂಡಳು. ಅಡಿಕೆ ಎಲ್ಲಿಂದ ಬಂತೆಂದು ಅವಳು ಯೋಚಿಸಲೇ ಇಲ್ಲ, ತಾನು ಹಾಕಿದ್ದು ಅಕ್ಕಿ ಮಾತ್ರ. ಸುಳ್ಳು ಹೇಳುವಾಗ ಇಂಥ ಲೆಕ್ಕವೂ ತಪ್ಪುತ್ತದೆ.

ಟೀಕಾರಾಮ್ ಒಂದು ಉಪಾಯ ಕಟ್ಟಿಕೊಟ್ಟ. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿಯ ಅಧಿಕಾರಿ ಅವಳಿಗೇ ಫೋನು ಮಾಡುತ್ತಾನೆ, ತೇವ ಹೀರುವುದಕ್ಕೆ ಹಾಕಿದ್ದು ಎಂದುಬಿಡಿ, ಫೋನು ನೀರಿಗೆ ಬಿದ್ದರೆ ಜನ ಅಕ್ಕಿಯಲ್ಲಿ ಹೂತಿಡುವುದಿಲ್ಲವೇ, ನಂಬುತ್ತಾರೆ. ಅಡಿಕೆ ಯಾಕೆ ಎಂದರೆ ಏನು ಹೇಳುವುದು ಎಂದು ಅವಳು ಕೇಳಿದ್ದಕ್ಕೆ, ಅದು ನನಗೂ ತೋಚುತ್ತಿಲ್ಲ ಎಂದು ಫೋನಿಟ್ಟ. ಪುಷ್ಪರತ್ನ ಸುತ್ತಿಗೆ ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡಿದ್ದ. ಅವನು ಬೈಯಲಿಲ್ಲ. ಹೋಗಲಿ ಬಿಡು ನಾನಿ, ಪ್ರಯತ್ನ ಮಾಡಿದೆಯಲ್ಲ ಎಂದ. ಪುಟ್ಟಿ ಎಂಬಂತೆ ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ನಾನಿ ಎಂದು ಕರೆದದ್ದು ಅವಳಿಗೆ ಸಹಿಸಲಾಗಲಿಲ್ಲ. ಹೋಗಲಿ ಬಿಡು ಎಂದೇ ಅವನು ಆವತ್ತೂ ಹೇಳಿದ್ದು, ಮದುವೆಯ ದಿನ, ಅವಳನ್ನು ಒಪ್ಪಿಸಲು ಗಂಡನ ಮನೆಗೆ ಹೋದಾಗ. ಅಮ್ಮ ಸತ್ತು ವರ್ಷವಾಗಿರಲಿಲ್ಲ, ಏನಿಡಬೇಕು ಏನು ತುಂಬಬೇಕು ಎಂದು ಹೇಳುವ ಹೆಂಗಸು ಮನೆಯಲ್ಲಿರಲಿಲ್ಲ, ಬಾ ತಾನೇ ಬಡಿದ ತಾಮ್ರದ ಹಂಡೆಯನ್ನು ಥಳಥಳ ಬೆಳಗಿ ಹೊರಿಸಿಕೊಂಡು ಬಂದಿದ್ದ. ಅತ್ತೆ ಬಾಗಿಲಲ್ಲೇ ಹಂಡೆಯ ಮುಚ್ಚಳವೆತ್ತಿ ನೆಂಟರಿಗೆಲ್ಲ ತೋರಿಸಿದಳು. ತಾಮ್ರದವರು ಗಾಳಿ ತುಂಬಿ ಕಳಿಸಿದಾರೆ ನೋಡಿ ಎಂದಳು. ನೆಂಟರು ನಕ್ಕರು. ಎಲ್ಲ ಮಾತಾಗಿತ್ತು, ಕೊಡುವುದು ಬಿಡುವುದು ಮುಗಿದಿತ್ತು, ಆದರೂ ಅತ್ತೆ ಹೊಸ್ತಿಲಿಗಡ್ಡವಾಗಿ ನಿಂತು, ಬರಿದಾದದ್ದನ್ನು ಹೇಗೆ ಒಳಗೆ ಬಿಟ್ಟುಕೊಳ್ಳಲಿ ಎಂದು ಕೇಳಿದಳು. ಬಾ ಸುತ್ತಲೂ ನೋಡಿದ. ಆಮೇಲೆ ಕೈಗಡಿಯಾರ ಬಿಚ್ಚಿ ಹಂಡೆಯೊಳಗೆ ಹಾಕಿದ. ಆಗ ಅವನಿಗೆ ಕಿವಿ ಕೇಳುತ್ತಿತ್ತು, ಅದು ಬಿದ್ದ ಸದ್ದು ಅವನಿಗೂ ಕೇಳಿಸಿರಬೇಕು. ಕೆಲವು ವರ್ಷಕ್ಕೆ ರಜನಿಮಿಲಾ ಆ ಮನೆ ಬಿಟ್ಟು ಬಂದಳು, ಹಂಡೆ ಗಡಿಯಾರ ಎರಡೂ ಅಲ್ಲೇ ಉಳಿದವು. ಅಂದಿನಿಂದ ಅವಳ ಕೈ ಒಂದು ಲೋಟವನ್ನೂ ಬರಿದಾಗಿ ಯಾರ ಮನೆಗೂ ಕಳಿಸಿಲ್ಲ.

ಫೋನು ಅವಳ ಮುಷ್ಟಿಯಲ್ಲೇ ಗುಂಯ್‌ಗುಟ್ಟಿತು. ಪರದೇಶದ ನಂಬರು. ಅವಳು ಸ್ಪೀಕರ್ ಒತ್ತಿ ಕೈಯೆತ್ತಿದ ಕೂಡಲೇ ಪುಷ್ಪರತ್ನ ಬಡಿಯುವುದನ್ನು ನಿಲ್ಲಿಸಿದ, ಎದುರಂಗಡಿಯವರಿಗೂ ಕೈ ಮಾಡಿ ನಿಲ್ಲಿಸಿದ. ಆಚೆಯ ಗಂಡಸಿನ ದನಿ ನಿಧಾನದ್ದು, ಒಂದೊಂದು ಮಾತನ್ನೂ ತೂಗಿ ಇಡುವಂಥದ್ದು. ಅವಳಿಗೆ ಬರುವ ಇಂಗ್ಲಿಷು ಅಂಗಡಿಯ ಇಂಗ್ಲಿಷು, ಅವನದೂ ಹೆಚ್ಚುಕಡಿಮೆ ಹಾಗೇ, ಇಬ್ಬರೂ ಎರವಲು ಭಾಷೆಯಲ್ಲಿ ನಿಂತಿದ್ದರು. ತಾನು ಸುಂಕದ ಕಚೇರಿಯವನು, ಬಟ್ಟಲು ತನ್ನ ಮೇಜಿನ ಮೇಲೇ ಇದೆ ಎಂದ. ಇದು ಉಣ್ಣುವ ಪಾತ್ರೆಯೋ, ಬಾರಿಸುವ ವಾದ್ಯವೋ ಎಂದು ಕೇಳಿದ. ತೇವ, ಅಕ್ಕಿ, ತೇವ ಎಂದು ಅವಳು ಒಳಗೇ ಜೋಡಿಸಿಕೊಳ್ಳುತ್ತಿದ್ದಳು. ಬಾ ಬೆಳಗುವುದನ್ನು ಬಿಟ್ಟು ಅವಳ ತುಟಿಯನ್ನೇ ನೋಡುತ್ತಿದ್ದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವೇನು ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಮಾತು, ಅವಳಿಗೂ ಗೊತ್ತಿತ್ತು. ಆದರೂ ಬಾಯಿ ತೆರೆದಾಗ ತೇವದ ಮಾತು ಬರಲಿಲ್ಲ.

"ಅಕ್ಕಿ ಹಾಕಿದ್ದು ನಾನು. ಬೇರೆ ಯಾರೂ ಅಲ್ಲ. ನಮ್ಮಲ್ಲಿ ಪಾತ್ರೆನ ಬರಿದಾಗಿ ಕಳಿಸಲ್ಲ. ಕಳಿಸಿದ್ರೆ ತಗೊಂಡೋರಿಗೆ ಅವಮಾನ, ಕೊಟ್ಟೋರಿಗೂ ಅವಮಾನ."

ಅಂದರೆ ಅಕ್ಕಿ ಮಾರಾಟಕ್ಕಲ್ಲವೇ ಎಂದು ಅವನು ಕೇಳಿದ. ಅಲ್ಲ. ಉಣ್ಣುವುದಕ್ಕೆ? ಅಲ್ಲ. ಅದರ ಬೆಲೆ ಎಷ್ಟು? ಬೆಲೆ ಇಲ್ಲ. ಬೆಲೆಯೂ ಇಲ್ಲ, ಉಪಯೋಗವೂ ಇಲ್ಲ ಎನ್ನುವುದನ್ನು ನೀವು ಇಷ್ಟು ದೂರ ಯಾಕೆ ಕಳಿಸಿದಿರಿ ಎಂದ. ಅವನು ಹಂಗಿಸುತ್ತಿರಲಿಲ್ಲ, ನಿಜವಾಗಿ ತಿಳಿಯದೆ ಕೇಳುತ್ತಿದ್ದ, ಅದು ದನಿಯಲ್ಲೇ ಗೊತ್ತಾಗುತ್ತಿತ್ತು. ಅವಳಲ್ಲಿ ಅಳುಕು ಉಳಿದಿರಲಿಲ್ಲ. ಇಷ್ಟು ವರ್ಷಕ್ಕೆ ಬಾಗಿಲಲ್ಲಿ ನಿಂತವನೊಬ್ಬ ಕೇಳುತ್ತಿದ್ದಾನೆ, ತಾನು ಉತ್ತರ ಕೊಡುತ್ತಿದ್ದೇನೆ.

"ನೀವು ಅಕ್ಕಿ ಹಾಕದೇ ಇದ್ದಿದ್ರೆ ನಾನು ಕೇಳ್ತಾನೇ ಇರಲಿಲ್ಲ" ಎಂದ ಅವನು.

"ಹಾಕದೇ ಇದ್ದಿದ್ರೆ ನನ್ನ ಕೈಲಿ ಕಳಿಸೋಕೇ ಆಗ್ತಿರಲಿಲ್ಲ" ಎಂದಳು ಅವಳು.

ಅವನು ಕೆಮ್ಮಿದನೋ ನಕ್ಕನೋ ತಿಳಿಯಲಿಲ್ಲ. ತನ್ನ ಕಾಗದದಲ್ಲಿ ಇರುವುದು ಎರಡೇ ಜಾಗ, ಪಾತ್ರೆ ಇಲ್ಲವೇ ವಾದ್ಯ, ತಾನು ಒಂದನ್ನು ಬರೆಯಲೇಬೇಕು, ಅಕ್ಕಿ ಕಂಡವನು ಪಾತ್ರೆ ಎಂದೇ ಬರೆಯುತ್ತಾನೆ, ಬೇರೆಯದು ಬರೆಯಬೇಕಾದರೆ ತನಗೆ ಏನಾದರೂ ಕಾರಣ ಬೇಕು ಎಂದ. ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಒಂದು ಕೋಲಿದೆ, ಅದರಿಂದ ಬಾರಿಸಿ ನೋಡಿ ಎಂದಳು ರಜನಿಮಿಲಾ. ಇಲ್ಲಿಯೇ, ಕಚೇರಿಯಲ್ಲೇ ಎಂದು ಅವನು ಅನುಮಾನಿಸಿದ. ಕಾಗದ ಸರಿದ ಸದ್ದಾಯಿತು. ಆಮೇಲೆ ಟಪ್ ಎಂದು, ತೊಗಟೆಯ ಮೇಲೆ ಹೊಡೆದಂತೆ ಒಂದು ಮೊಂಡು ಸದ್ದು. ಇದರಲ್ಲಿ ಏನೂ ಇಲ್ಲವಲ್ಲ ಎಂದ ಅವನು. ಪುಷ್ಪರತ್ನ ಆ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡ. ಅಕ್ಕಿ ಒಳಗೇ ಇತ್ತು. ಅವಳು ತನ್ನ ಕೈಯಿಂದ ಹಾಕಿದ್ದು, ತುಂಬಿ ಕಳಿಸಿದೆ ಎಂದು ಹಿಗ್ಗಿದ್ದು. ಬಟ್ಟಲು ಹಾಡಬೇಕಾದರೆ ಅದನ್ನು ಅವಳೇ ತೆಗೆಸಬೇಕಿತ್ತು, ಅದೂ ಪರಊರಿನ ಬಾಗಿಲಲ್ಲಿ, ಪರಕೀಯನ ಕೈಯಿಂದ.

"ಅಕ್ಕಿ ಚೆಲ್ಲಿಬಿಡಿ" ಎಂದಳು. "ಪೂರ್ತಿ ಚೆಲ್ಲಿ. ಖಾಲಿ ಮಾಡಿ ಅಂಗೈ ಮೇಲಿಟ್ಟು ಬಾರಿಸಿ."

ಅಕ್ಕಿ ಯಾವುದೋ ತಗಡಿನ ಬುಟ್ಟಿಗೆ ಬಿದ್ದದ್ದು ಅವಳಿಗೆ ಕೇಳಿಸಿತು, ಕೊನೆಗೆ ಅಡಿಕೆಯೂ. ಆಮೇಲೆ ಅವನು ಹೊಡೆದ. ನಾದ ಫೋನಿನೊಳಗಿಂದ ಸಣ್ಣಗೆ ಬಂತು, ಬಂದು ನಿಲ್ಲಲಿಲ್ಲ. ಅಲ್ಲಿ ಹಿನ್ನೆಲೆಯಲ್ಲಿ ಯಾರೋ ಮಾತಾಡುತ್ತಿದ್ದವರು ಸುಮ್ಮನಾದರು, ಇಲ್ಲಿ ಎದುರಂಗಡಿಯವನು ಹೊರಗೆ ಬಂದು ನಿಂತ. ಎಲ್ಲರೂ ಅಲುಗಾಡದೆ ನಿಂತದ್ದನ್ನು ಕಂಡು ಬಾ ಏನಾಯಿತೆಂದು ಕೈ ತಿರುಗಿಸಿದ. ರಜನಿಮಿಲಾಳಿಗೆ ಕೂಗಿಬಿಡಬೇಕೆನ್ನಿಸುವಷ್ಟು ಸಂತೋಷವಾಯಿತು. ನಾದ ಪೂರ್ತಿ ಅಡಗಿದ ಮೇಲೆ ಆ ಮನುಷ್ಯ ಇನ್ನೊಂದು ಸಲ ಹೊಡೆದ. ಎರಡನೆಯದಕ್ಕೆ ಕಚೇರಿಯ ಕಾರಣವೇನೂ ಇರಲಿಲ್ಲ. ವಾದ್ಯ ಎಂದೇ ಬರೆಯುತ್ತೇನೆ, ಅಕ್ಕಿ ಮಾತ್ರ ಗಡಿ ದಾಟುವಂತಿಲ್ಲ, ಅದನ್ನು ಸುಡಬೇಕಾಗುತ್ತದೆ, ಕ್ಷಮಿಸಿ ಎಂದ. ಸುಂಕ ಕಟ್ಟಿದ್ದು ಸರಿಯಾಗಿದೆಯಲ್ಲ, ಹಿಲ್ಕಾಳ ಬಾಗಿಲಲ್ಲಿ ಏನೂ ಕೇಳುವುದಿಲ್ಲವಲ್ಲ ಎಂದು ಅವಳು ಕೇಳಿದಳು. ಕೇಳುವುದಕ್ಕೆ ಇನ್ನೇನೂ ಉಳಿದಿಲ್ಲ, ಅವಳ ಮನೆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ಇವತ್ತೇ ತಲುಪುತ್ತದೆ ಎಂದು ಅವನು ಫೋನಿಟ್ಟ.

ಅವಳು ಹೋಗಿ ಬಾನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅವನ ಕಿವಿಗೆ ಬಾಯಿಟ್ಟು, ಬಟ್ಟಲಿಗೆ ಅಕ್ಕಿ ಹಾಕಿದ್ದು ನಾನು, ಟೀಕಾರಾಮನ ಹತ್ತಿರ ನೀನು ಅಂತ ಹೇಳಿಬಿಟ್ಟೆ ಎಂದಳು. ಅವನಿಗೆ ಎಷ್ಟು ಕೇಳಿಸಿತೋ, ಅಕ್ಕಿ ಎಂಬುದಂತೂ ಕೇಳಿಸಿತು.

"ನೋಡಿದ್ದೆ" ಎಂದ ಬಾ. "ಬರೀ ಅಕ್ಕಿ ಹಾಕಿದ್ದೆ ನೀನು. ಅಡಿಕೆ ಇಲ್ದೆ ಯಾರಾದ್ರೂ ಕಳಿಸ್ತಾರಾ? ನೀನು ಹಗ್ಗ ತರೋಕೆ ಹೋದಾಗ ನಾನು ಹಾಕ್ದೆ."

ಅವಳು ನಕ್ಕಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಬಾ ಅವಳ ಬೆನ್ನಿಗೆ ಬೂದಿ ಕೈಯಲ್ಲೇ ಗುದ್ದಿದ. ಆ ಮೇಲಿನ ಹೊತ್ತು ಹೇಗೆ ಕಳೆಯಿತೆಂದು ಅವಳಿಗೆ ತಿಳಿಯಲಿಲ್ಲ. ಬೇಳೆಯ ವಡೆ ಹುಯ್ದಳು, ಯಾರೂ ಹಸಿದಿಲ್ಲವೆಂದರೂ ಎಲ್ಲರಿಗೂ ತಿನ್ನಿಸಿದಳು, ಎದುರಂಗಡಿಗೂ ಒಂದು ತಟ್ಟೆ ಕಳಿಸಿದಳು, ಮೆಟ್ಟಿಲು ಹತ್ತಿದಳು, ಇಳಿದಳು. ಅಲ್ಲಿ ಈಗ ಹಿಮ ಸುರಿಯುತ್ತಿದೆಯೇ, ಪೆಟ್ಟಿಗೆ ಹೊತ್ತವನ ಕಾಲು ಜಾರದಿದ್ದರೆ ಸಾಕು, ಹಿಲ್ಕಾ ಸ್ನಾನಕ್ಕೆ ಹೋಗಿ ಬಾಗಿಲು ಬಡಿದದ್ದು ಕೇಳಿಸದಿದ್ದರೆ? ಅಧಿಕಾರಿ ಹೇಳಿದ್ದು ಒಂದು, ಬಾಗಿಲಿಗೆ ಹೋಗುವವನು ಇ‌ನ್ನೊಬ್ಬ. ಅತ್ತೆಯ ಮನೆಯಲ್ಲೂ ಎಲ್ಲ ಮಾತಾಗಿಯೇ ಇತ್ತಲ್ಲ. ಗಲ್ಲಿಯಲ್ಲಿ ಬಿಸಿಲು ಇಳಿದು ಕಲ್ಲು ತಣ್ಣಗಾಗುವ ಹೊತ್ತಿಗೆ ಫೋನು ಮಿಣುಕಿತು. ಹಿಲ್ಕಾಳ ಸಂದೇಶ, ಎಂದಿನ ಹಾಗೆ ಚಿಕ್ಕದು. ಬಂತು, ಸಹಿ ಹಾಕಿಸಿಕೊಂಡು ಹೋದ, ಏನೂ ಕೇಳಲಿಲ್ಲ; ನಾನೇ ಅವನನ್ನು ಕೇಳಿದೆ, ನಿಜವಾಗಿಯೂ ಕೊಡುವುದು ಏನೂ ಇಲ್ಲವೇ ಎಂದು; ಇಲ್ಲ, ಎಲ್ಲ ಆಗಿದೆ ಎಂದ.

ಅವಳು ಅದನ್ನು ಅಣ್ಣನ ಮುಖದ ಮುಂದೆ ಹಿಡಿದಳು. ಪುಷ್ಪರತ್ನ ಮಸಿ ಹಿಡಿದ ಹೆಬ್ಬೆರಳಲ್ಲಿ ಫೋನು ತೆಗೆದುಕೊಂಡು ಒಂದೊಂದೇ ಮಾತು ಓದಿದ, ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಗಲ್ಲಿಯ ತಿರುವಿನಲ್ಲಿ ಸಾಹುವಿನ ಆಳಿನ ಮೋಟರ್‌ಸೈಕಲ್ಲು ಬಂದು ನಿಂತಿತು, ಅವನು ಇಳಿಯದೆ ಹಾರ್ನ್ ಹೊಡೆದ. ಮತ್ತೊಮ್ಮೆ ಹೊಡೆದ. ಬಾನ ಕಿವಿಗೆ ಅದು ಬೀಳಲಿಲ್ಲ, ಪುಷ್ಪರತ್ನನಿಗೆ ಕೇಳಿಸಿತು, ಆದರೆ ಅವನು ಏಳಲಿಲ್ಲ. ಫೋನನ್ನು ತಂಗಿಯ ಕೈಗೆ ಕೊಟ್ಟು, ಅರ್ಧ ಬಡಿದಿಟ್ಟ ಬಟ್ಟಲನ್ನು ಮತ್ತೆ ಅಡಿಗಲ್ಲಿನ ಮೇಲೆ ತಿರುಗಿಸಿಟ್ಟುಕೊಂಡ.

"ಮುಂದಿನ ಸಲ ಅಕ್ಕಿ ಹಾಕ್ಬೇಡ" ಎಂದ.

ರಜನಿಮಿಲಾಳಿಗೆ ಅಕ್ಕಿಯ ಮಾತು ಕೇಳಿಸಲೇ ಇಲ್ಲ. ಮುಂದಿನ ಸಲ ಎಂದನಲ್ಲ.